ಧೂಪದ ಮರದ ಬುಡಕ್ಕೆ ಬೆಂಕಿ ಹಾಕಿದರೆ ಧೂಪ ಜಾಸ್ತಿ ಬರುತ್ತದೆಯೇ?

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದಲ್ಲಿ (ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ) ಒಂದು ದೊಡ್ಡ ಧೂಪದ ಮರ ಇದೆ. ಕಾಂಡದ ಮೇಲೆ ಅಲ್ಲಲ್ಲಿ ಕಪ್ಪು ಧೂಪ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆದರೆ ಸಿಗುವುದು ಸ್ವಲ್ಪವೇ. ಬುಡಕ್ಕೆ ಸೌದೆ ಒಟ್ಟಿ ಬೆಂಕಿ ಕೊಟ್ಟರೆ ಜಾಸ್ತಿ ಬರುತ್ತದೆ, ಮರಕ್ಕೆ ಏನೂ ಆಗುವುದಿಲ್ಲ ಎಂದು ಊರಿನ ಹಿರಿಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಬೆಂಕಿ ಹಾಕಬೇಡಿ. ಧೂಪ ಜಾಸ್ತಿ ಬರುವುದು ನಿಜ. ಮರಕ್ಕೆ ಏನೂ ಆಗುವುದಿಲ್ಲ ಎನ್ನುವುದು ಸುಳ್ಳು.

ಬೇಸಿಗೆ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲವೂ ಎರಡು ಸಾಲಿನಲ್ಲಿ ‘ಬೇಡ’ ಎಂದು ಬರೆಯುತ್ತೇನೆ. ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಸುಮ್ನೆ ಬೇಡ ಅಂದರೆ ಯಾರೂ ನಂಬುವುದಿಲ್ಲ, ಕಾರಣ ಬೇಕು ಎಂದು ಈಗ ಅರ್ಥವಾಗಿದೆ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಮರ ಯಾವುದು ಎಂದು ಖಚಿತ ಮಾಡಿಕೊಳ್ಳೋಣ. ಮಲೆನಾಡಿನಲ್ಲಿ ಧೂಪ ಕೊಡುವ ಮರ ಒಂದೇ ಅಲ್ಲ. ನಿಮ್ಮದು ಕಾಳಧೂಪ. ಕೆಲವು ಕಡೆ ರಾಳಧೂಪ, ಮಂಡಧೂಪ ಎಂದೂ ಹೇಳುತ್ತಾರೆ. ಸಸ್ಯಶಾಸ್ತ್ರದಲ್ಲಿ ಕನೇರಿಯಂ ಸ್ಟ್ರಿಕ್ಟಮ್. ಇದರ ರಾಳ ಕಪ್ಪಗೆ ಹೊಳೆಯುತ್ತದೆ. ತೆಳುವಾದ ಚೂರನ್ನು ಬೆಳಕಿಗೆ ಹಿಡಿದರೆ ಕೆಂಪು ಮಿಶ್ರಿತ ಕಂದು ಬಣ್ಣ ಕಾಣುತ್ತದೆ. ಚಿಗುರು ಬಂದಾಗ ಮರದ ನೆತ್ತಿ ಕಡುಗೆಂಪಾಗಿ ಎದುರು ಗುಡ್ಡದಿಂದಲೂ ಗುರುತು ಸಿಗುತ್ತದೆ. ಬಿಳಿಧೂಪ ಅಥವಾ ಸಾಲುಧೂಪ ಬೇರೆಯೇ ಜಾತಿ, ವಟೇರಿಯಾ ಇಂಡಿಕಾ. ಅದರದ್ದು ಬಿಡಿ ಎಲೆ, ಬಿಳಿ ಹೂವು, ತಿಳಿ ಬಣ್ಣದ ರಾಳ. ಹಾಲುಮಡ್ಡಿ ಇನ್ನೊಂದು. ಅದರ ಅಂಟು ಬೂದು ಬಣ್ಣ, ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ಅಗರಬತ್ತಿ ಮಾಡುವವರು ಅದನ್ನು ಬಹಳ ಬೆಲೆಯುಳ್ಳದ್ದು ಎಂದು ಕಾಣುತ್ತಾರೆ. ಅಂಗಡಿಯ ಸಾಂಬ್ರಾಣಿಗೂ ಈ ಮೂರಕ್ಕೂ ಸಂಬಂಧವಿಲ್ಲ. ಅಸಲಿ ಸಾಂಬ್ರಾಣಿ ಸುಮಾತ್ರಾ, ಲಾವೋಸ್ ಕಡೆಯ ಸ್ಟೈರಾಕ್ಸ್ ಮರಗಳದ್ದು.

ಈಗ ಬೆಂಕಿಯ ವಿಷಯ.

ಈ ನಂಬಿಕೆಯ ಬೇರು ಇನ್ನೊಂದು ನಂಬಿಕೆಯಲ್ಲಿದೆ. ಹಸುವಿನ ಕೆಚ್ಚಲಲ್ಲಿ ಹಾಲು ಇದ್ದ ಹಾಗೆ ಮರದೊಳಗೆ ಧೂಪ ತುಂಬಿಕೊಂಡಿದೆ, ಕರೆದಷ್ಟೂ ಬರುತ್ತದೆ, ಕರೆಯದಿದ್ದರೆ ವ್ಯರ್ಥ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ರಾಳ ಮರದ ಆಹಾರವೂ ಅಲ್ಲ, ಬೇರಿನಿಂದ ಮೇಲೇರುವ ನೀರೂ ಅಲ್ಲ. ಒಂದು ಚೂರು ಕಾಳಧೂಪವನ್ನು ಲೋಟ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಕರಗುವುದಿಲ್ಲ. ಜಾಲಿಯ ಗೋಂದು ಹಾಕಿದರೆ ಕರಗುತ್ತದೆ. ಧೂಪ ಬಿಸಿ ಎಣ್ಣೆಯಲ್ಲಿ, ಟರ್ಪೆಂಟೈನ್‌ನಲ್ಲಿ ಕರಗುತ್ತದೆ. ಅಂದರೆ ಅದು ಬೇರೆಯದೇ ವಸ್ತು. ಮರ ಅದನ್ನು ಕಾವಲಿಗಾಗಿ ತಯಾರಿಸುತ್ತದೆ.

ತೊಗಟೆಯೊಳಗೆ ರಾಳ ತುಂಬಿದ ಸಣ್ಣ ಸಣ್ಣ ನಾಳಗಳಿರುತ್ತವೆ. ಕೊಂಬೆ ಮುರಿದಾಗ, ತೊಗಟೆ ಕೊರೆಯುವ ಹುಳ ಬಿದ್ದಾಗ ಆ ನಾಳ ಒಡೆಯುತ್ತದೆ. ರಾಳ ಹೊರಗೆ ಹರಿಯುತ್ತದೆ. ಅದರಲ್ಲಿನ ಹಾರಿಹೋಗುವ ಎಣ್ಣೆಯ ಅಂಶ ಗಾಳಿಗೆ ಹೋಗುತ್ತದೆ, ಮೂಗಿಗೆ ಬರುವ ಪರಿಮಳ ಅದೇ. ಉಳಿದದ್ದು ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಹುಳವನ್ನು ತಡೆಯುತ್ತದೆ, ಶಿಲೀಂಧ್ರ ಒಳನುಗ್ಗದಂತೆ ನೋಡಿಕೊಳ್ಳುತ್ತದೆ. ನಿಮ್ಮ ಮರದ ಕಾಂಡದ ಮೇಲೆ ತಾನಾಗಿ ಸಿಗುತ್ತಿರುವ ಧೂಪದ ಗಟ್ಟಿಗಳು ಬಂದದ್ದು ಹೀಗೆ. ಒಂದೊಂದು ಗಟ್ಟಿಯ ಕೆಳಗೂ ಒಂದೊಂದು ಗಾಯ ಇದೆ.

ಹಾಗಾದರೆ ದೊಡ್ಡ ಗಾಯ ಮಾಡಿದರೆ ಜಾಸ್ತಿ ರಾಳ, ಅಲ್ವಾ? ಹೌದು. ಬೆಂಕಿಯ ಉಪಾಯ ಹುಟ್ಟಿದ್ದೇ ಹಾಗೆ. ಇದು ಇವತ್ತಿನ ಕಥೆಯೂ ಅಲ್ಲ. ಕಾಂಡಕ್ಕೆ ಉದ್ದುದ್ದ ಗೀರು ಹಾಕಿ, ಬುಡದ ಸುತ್ತ ಗಜ ಎತ್ತರಕ್ಕೆ ಸೌದೆ ಒಟ್ಟಿ ಸುಡುವ ಕ್ರಮವನ್ನು ಬ್ರಿಟಿಷರ ಕಾಲದ ಬರಹಗಳೇ ವಿವರಿಸುತ್ತವೆ. ಸುಟ್ಟ ಎರಡು ವರ್ಷದ ಮೇಲೆ ರಾಳ ಬರಲು ಶುರುವಾಗಿ ಹತ್ತು ವರ್ಷ ಬರುತ್ತಿರುತ್ತದೆ ಎಂದೂ ಅವು ಹೇಳುತ್ತವೆ. ಕೆಲವರು ಇದನ್ನೇ ನನಗೆ ಸಾಕ್ಷಿಯಾಗಿ ತೋರಿಸುತ್ತಾರೆ. ‘ಹತ್ತು ವರ್ಷ ಬರುತ್ತದಂತಲ್ಲ, ಮರ ಸಾಯುವುದಾದರೆ ಹೇಗೆ ಬರುತ್ತದೆ?’ ಎಂದು ಕೇಳುತ್ತಾರೆ.

ಆ ಹತ್ತು ವರ್ಷವೇ ಎಲ್ಲರನ್ನೂ ಮೋಸ ಮಾಡುವುದು. ಮರ ನಿಂತಲ್ಲೇ ನಿಂತು, ನಿಧಾನವಾಗಿ ಸಾಯುತ್ತದೆ.

ತೊಗಟೆಗೂ ಒಳಗಿನ ಮರಕ್ಕೂ ನಡುವೆ ಒಂದು ತೆಳುವಾದ ಜೀವಂತ ಪದರ ಇರುತ್ತದೆ. ಕಾಂಡ ದಪ್ಪಗಾಗುವುದು, ಗಾಯ ಮಾಯುವುದು ಎಲ್ಲ ಅದರಿಂದಲೇ. ಅದರ ಹೊರಮಗ್ಗುಲಲ್ಲಿ, ತೊಗಟೆಯ ಒಳಪದರದಲ್ಲಿ, ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುತ್ತದೆ. ಬುಡದ ಸುತ್ತ ಬೆಂಕಿ ಹಾಕಿದಾಗ ಈ ಎರಡೂ ಬೇಯುತ್ತವೆ. ಸುತ್ತಲೂ ಪೂರ್ತಿ ಬೆಂದರೆ ಬೇರಿಗೆ ಆಹಾರ ನಿಲ್ಲುತ್ತದೆ. ಅರ್ಧ ಬೆಂದರೆ ಅರ್ಧ ಬೇರು ಉಪವಾಸ. ಆದರೆ ಬೇರಿನಿಂದ ನೀರು ಮೇಲೇರುವ ದಾರಿ ಒಳಗಿನ ಮರದಲ್ಲಿದೆ, ಅದು ಅಷ್ಟು ಬೇಗ ಹಾಳಾಗುವುದಿಲ್ಲ. ಹಾಗಾಗಿ ಎಲೆ ಹಸಿರಾಗಿಯೇ ಇರುತ್ತದೆ. ಚಿಗುರು ಕೆಂಪಾಗಿಯೇ ಬರುತ್ತದೆ. ಕೆಳಗಿನಿಂದ ನೋಡಿದವರಿಗೆ ‘ಮರಕ್ಕೆ ಏನೂ ಆಗಿಲ್ಲ’.

ಈ ಹೊತ್ತಿಗೆ ಮರ ತನ್ನಲ್ಲಿರುವ ಶಕ್ತಿಯನ್ನೆಲ್ಲ ಗಾಯದ ಕಡೆ ತಿರುಗಿಸಿರುತ್ತದೆ. ರಾಳ ಹರಿಯುತ್ತದೆ. ಸಂಗ್ರಹಿಸುವವರು ಅದನ್ನು ಕೆತ್ತಿಕೊಂಡು ಹೋಗುತ್ತಾರೆ, ಅಂದರೆ ಗಾಯದ ಮುಚ್ಚಳವನ್ನೇ ತೆಗೆಯುತ್ತಾರೆ. ಬೆಂದ ತೊಗಟೆ ಉದುರುತ್ತದೆ. ಮಳೆನೀರು ಇಳಿಯುತ್ತದೆ, ಶಿಲೀಂಧ್ರ ಹಿಡಿಯುತ್ತದೆ, ಒರಲೆ ಹತ್ತುತ್ತದೆ, ಬುಡ ಟೊಳ್ಳಾಗುತ್ತದೆ. ಯಾವುದೋ ಒಂದು ಆಷಾಢದ ಗಾಳಿಗೆ ಮರ ಬೀಳುತ್ತದೆ. ಊರಿನವರು ಗಾಳಿಗೆ ಬಿತ್ತು ಅನ್ನುತ್ತಾರೆ. ಎಷ್ಟೋ ವರ್ಷದ ಹಿಂದಿನ ಬೆಂಕಿ ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ನಿಮ್ಮ ಊರಿನ ಹಿರಿಯರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಬೆಂಕಿ ಕಂಡಿದ್ದಾರೆ, ಧೂಪ ಕಂಡಿದ್ದಾರೆ, ಹಸಿರೆಲೆ ಕಂಡಿದ್ದಾರೆ. ಸಾವು ತಡವಾಗಿ ಬರುವುದರಿಂದ ಅದನ್ನು ಬೆಂಕಿಯ ಜೊತೆ ಜೋಡಿಸಿ ನೋಡಲು ಆಗಿಲ್ಲ.

‘ಬಯಲುಸೀಮೆ ಕಾಡಿನಲ್ಲಿ ಪ್ರತಿ ವರ್ಷ ಬೆಂಕಿ ಬೀಳುತ್ತದೆ, ಅಲ್ಲಿ ಮರ ಸಾಯುತ್ತದೆಯೇ?’ ಎಂಬುದು ಮುಂದಿನ ವಾದ. ಒಣ ಕಾಡಿನ ಮತ್ತಿ, ಹೊನ್ನೆಯಂಥ ಮರಗಳು ದಪ್ಪ ತೊಗಟೆ ಹೊದ್ದಿರುತ್ತವೆ. ಅಲ್ಲಿ ಬೀಳುವ ಬೆಂಕಿಯೂ ತರಗೆಲೆ ಸುಟ್ಟು ಬೇಗ ದಾಟಿ ಹೋಗುವಂಥದ್ದು. ಕಾಳಧೂಪ ನಿತ್ಯಹರಿದ್ವರ್ಣ ಕಾಡಿನ ಮರ. ವರ್ಷದ ಬಹುಪಾಲು ತೇವದಲ್ಲೇ ನಿಂತಿರುತ್ತದೆ. ಬೆಂಕಿಯನ್ನು ತಡೆದುಕೊಳ್ಳುವ ಕಲೆ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಜೊತೆಗೆ ಮೈಯಲ್ಲಿ ಹೊತ್ತಿಕೊಳ್ಳುವ ರಾಳ ಬೇರೆ.

ಇದಕ್ಕೆ ದೂರದ ಉದಾಹರಣೆಯೂ ಇದೆ. ಕಾಳಧೂಪದ ಕುಟುಂಬದ್ದೇ ಸಸ್ಯ ಗುಗ್ಗುಳ. ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ಬೆಳೆಯುತ್ತದೆ. ಜಾಸ್ತಿ ಗುಗ್ಗುಳ ತೆಗೆಯುವ ಆಸೆಗೆ ಅತಿಯಾಗಿ ಗಾಯ ಮಾಡಿ ಮಾಡಿ ಗಿಡಗಳು ಒಣಗಿದವು. ಇವತ್ತು ಅದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ಬಂದ ಜಾತಿ. ಅರೇಬಿಯಾ, ಆಫ್ರಿಕಾದ ಹೆಸರಾಂತ ಧೂಪ ಕೊಡುವ ಬಾಸ್ವೆಲಿಯಾ ಕೂಡ ಇದೇ ಕುಟುಂಬ. ಅಂಥ ಹೆಸರುವಾಸಿ ಕುಟುಂಬದ ಒಂದು ಮರ ನಿಮ್ಮ ಬೆಟ್ಟದಲ್ಲಿ ನಿಂತಿದೆ. ಅದನ್ನು ಉಳಿಸಿಕೊಳ್ಳಿ.

ಇನ್ನು ಕಾನೂನು. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ತರುವ ಸವಲತ್ತು ನಿಮಗಿದೆ, ನೆಲ ನಿಮ್ಮದಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು ಅಪರಾಧ. ಧೂಪ ತೆಗೆಯುವ ಮೊದಲು ಅರಣ್ಯ ಇಲಾಖೆಯನ್ನು ಕೇಳಿಕೊಳ್ಳಿ. ಕಾಡಿನಲ್ಲೇ ಬದುಕುವ ಸಮುದಾಯಗಳಿಗೆ ಕಿರು ಅರಣ್ಯ ಉತ್ಪನ್ನದ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿದೆ. ಅದು ಬೇರೆ ವಿಷಯ.

ಹಾಗಾದರೆ ತೆಗೆಯುವುದು ಹೇಗೆ? ತಾನಾಗಿ ಹೊರಬಂದು ಪೂರ್ತಿ ಗಟ್ಟಿಯಾದದ್ದನ್ನು ಮಾತ್ರ ತೆಗೆಯಿರಿ. ಬುಡದ ತರಗೆಲೆ ಸರಿಸಿ ನೋಡಿ, ಉದುರಿ ಬಿದ್ದ ಗಟ್ಟಿಗಳು ಸಿಗುತ್ತವೆ. ಮೆತ್ತಗಿರುವುದನ್ನು ಮುಟ್ಟಬೇಡಿ, ಅಲ್ಲಿ ಗಾಯ ಇನ್ನೂ ಮಾಯುತ್ತಿದೆ. ಕತ್ತಿಯಿಂದ ಕೆತ್ತುವಾಗ ಒಂದು ತೆಳು ಪದರವನ್ನು ತೊಗಟೆಯ ಮೇಲೆಯೇ ಬಿಡಿ. ನೀಲಗಿರಿ ಸುತ್ತಿನ ಕಾಡುಗಳಲ್ಲಿ ಕುರುಂಬ, ಕಾಟ್ಟುನಾಯಕ ಸಮುದಾಯದ ಅನೇಕರು ಹೀಗೇ ಮಾಡುತ್ತ ಬಂದಿದ್ದಾರೆ. ಹುಳ ಕೊರೆದಲ್ಲಿ, ಕೊಂಬೆ ಮುರಿದಲ್ಲಿ ಬಂದ ಧೂಪವನ್ನು ತೆಗೆಯುತ್ತಾರೆ, ಇಲ್ಲವೇ ಸಣ್ಣ ಗೀರು ಹಾಕಿ ಬಿಡುತ್ತಾರೆ. ಸಿಗುವುದು ಸ್ವಲ್ಪವೇ. ಮನೆಯ ಪೂಜೆಗೆ ಎಷ್ಟು ಬೇಕು ಹೇಳಿ? ಕೆಂಡದ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಇಡೀ ಜಗಲಿ ಘಮ್ಮೆನ್ನುತ್ತದೆ.

ಪೂಜೆ ಬಿಟ್ಟರೆ ಇದರ ಉಪಯೋಗ ಏನು ಎಂದು ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸಲು ಹೊಗೆ ಹಾಕುತ್ತಾರೆ. ಎಣ್ಣೆಯಲ್ಲಿ ಕಾಯಿಸಿ ದೋಣಿಯ ಹಲಗೆಗಳ ಸಂದು ಮುಚ್ಚಲು ಬಳಸುತ್ತಿದ್ದರು. ನೀರಿನಲ್ಲಿ ಕರಗದ ಗುಣ ಅಲ್ಲಿ ಕೆಲಸಕ್ಕೆ ಬರುತ್ತಿತ್ತು. ವಾರ್ನಿಷ್‌ಗೂ ಹೋಗುತ್ತದೆ. ಕೀಲುನೋವಿಗೆ ಎಣ್ಣೆಯ ಜೊತೆ ಬೆರೆಸಿ ಪಟ್ಟು ಹಾಕುವ ರೂಢಿಯೂ ಇದೆ. ಬಾಣಂತಿ, ಎಳೆಮಗುವಿನ ಕೋಣೆಯಲ್ಲಿ ಬಾಗಿಲು ಮುಚ್ಚಿ ದಟ್ಟ ಹೊಗೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಷ್ಟೇ ಪರಿಮಳ ಇದ್ದರೂ ಹೊಗೆ ಹೊಗೆಯೇ. ಮಗುವಿನ ಶ್ವಾಸಕೋಶ ಅದನ್ನು ತಡೆಯುವುದಿಲ್ಲ.

ಇಷ್ಟು ಬರೆದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸಬೇಕು ಅನಿಸುತ್ತಿದೆ. ಧೂಪ ಹೇಗೆ ತೆಗೆಯುವುದು ಎಂದು ಕೇಳುವವರು ಬಹಳ. ಧೂಪದ ಗಿಡ ಹೇಗೆ ಹುಟ್ಟುತ್ತದೆ ಎಂದು ಕೇಳುವವರೇ ಇಲ್ಲ.

ಕಾಡಿನಲ್ಲಿ ಕಾಳಧೂಪವನ್ನು ಬಿತ್ತುವುದು ಹಕ್ಕಿಗಳು. ಹಣ್ಣಿನೊಳಗೆ ಮೂರು ಏಣಿನ, ಕಲ್ಲಿನಷ್ಟು ಗಟ್ಟಿ ಓಟೆ ಇರುತ್ತದೆ. ಹಣ್ಣು ದೊಡ್ಡದು, ಸಣ್ಣ ಹಕ್ಕಿಯ ಬಾಯಿಗೆ ಹಿಡಿಸುವುದಿಲ್ಲ. ಮಂಗಟ್ಟೆ ಹಕ್ಕಿ ಮತ್ತು ಬೆಟ್ಟದ ದೊಡ್ಡ ಪಾರಿವಾಳಗಳು ಅದನ್ನು ಇಡಿಯಾಗಿ ನುಂಗುತ್ತವೆ. ತಿರುಳು ಕರಗಿದ ಮೇಲೆ ಓಟೆಯನ್ನು ಬೇರೆ ಎಲ್ಲೋ ಉಗುಳುತ್ತವೆ. ಈ ಹಕ್ಕಿಗಳು ಇಲ್ಲದ ಕಡೆ ಓಟೆಗಳು ತಾಯಿಮರದ ಬುಡದಲ್ಲೇ ಬೀಳುತ್ತವೆ, ಅಲ್ಲಿ ಇಲಿ, ಹೆಗ್ಗಣ ಕೊರೆದು ಮುಗಿಸುತ್ತವೆ. ಹಾಗಾಗಿ ನಿಮ್ಮ ಬೆಟ್ಟದಲ್ಲಿ ಮರ ಹಣ್ಣು ಬಿಟ್ಟರೆ ಒಂದಷ್ಟು ಓಟೆ ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಮಣ್ಣು-ಮರಳಿನ ಮಡಿಯಲ್ಲಿ ಹಾಕಿ ತೇವ ಆರದಂತೆ ನೋಡಿಕೊಳ್ಳಿ. ಮೊಳಕೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ತಿಂಗಳಿಗೇ ಬೇಸತ್ತು ಮಡಿ ಕೆದಕಿ ಹಾಕಬೇಡಿ.

ಬಿಳಿಧೂಪದ ಬೀಜದ ಸ್ವಭಾವ ಇದಕ್ಕೆ ತೀರಾ ಉಲ್ಟಾ. ಮುಂಗಾರು ಶುರುವಾಗುವ ಹೊತ್ತಿಗೆ ಉದುರುತ್ತದೆ, ಬಿದ್ದಲ್ಲೇ ಮೊಳೆಯುತ್ತದೆ. ಒಣಗಲು ಬಿಟ್ಟರೆ ಕೆಲವೇ ದಿನಗಳಲ್ಲಿ ಸತ್ತುಹೋಗುತ್ತದೆ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಒಂದೂ ಹುಟ್ಟುವುದಿಲ್ಲ. ಆ ಬೀಜದಲ್ಲಿ ಬೆಣ್ಣೆಯಂಥ ಗಟ್ಟಿ ಎಣ್ಣೆ ಇದೆ. ಅದಕ್ಕಾಗಿಯೇ ಮಲೆನಾಡು, ಕರಾವಳಿಯಲ್ಲಿ ಜನ ಧೂಪದ ಕಾಯಿ ಆರಿಸಿ ಮಾರುತ್ತಾರೆ. ಸಾಬೂನು, ಮೇಣದಬತ್ತಿಗೆ ಅದು ಹೋಗುತ್ತದೆ, ಕೋಕೋ ಬೆಣ್ಣೆಗೆ ಬದಲಿಯಾಗಿಯೂ ಬಳಕೆಯಿದೆ. ಬಿದ್ದ ಕಾಯನ್ನೆಲ್ಲ ಗುಡಿಸಿ ಮಾರಿದರೆ ಅಡಿಯಲ್ಲಿ ಸಸಿ ಎಲ್ಲಿಂದ ಬರಬೇಕು? ಹಳೆಯ ರಸ್ತೆಗಳ ಇಕ್ಕೆಲದಲ್ಲಿ ಸಾಲಾಗಿ ನಿಂತಿರುವ ಬಿಳಿಧೂಪದ ಮರಗಳ ಕೆಳಗೆ ಜೂನ್, ಜುಲೈನಲ್ಲಿ ಒಮ್ಮೆ ನೋಡಿ. ಡಾಂಬರಿನ ಅಂಚಿನಲ್ಲಿ ಮೊಳೆತ ಸಸಿಗಳು ಸಿಗುತ್ತವೆ. ವಾಹನದ ಚಕ್ರಕ್ಕೆ ಸಿಕ್ಕಿ ಹೇಗೂ ಅವು ಉಳಿಯುವುದಿಲ್ಲ. ಬೇರಿನ ಮಣ್ಣು ಉದುರದಂತೆ ಎತ್ತಿ ಕೊಟ್ಟೆಗೆ (ಸಸಿ ಚೀಲಕ್ಕೆ) ಹಾಕಿ, ಒಂದೆರಡು ವರ್ಷ ನೆರಳಿನಲ್ಲಿ ಬೆಳೆಸಿ, ಮಳೆಗಾಲದ ಶುರುವಿನಲ್ಲಿ ತೋಟದ ಅಂಚಿಗೆ ನೆಡಿ. ಮೊದಲ ಕೆಲವು ವರ್ಷ ನೇರ ಬಿಸಿಲು ಬೀಳಬಾರದು, ದನ ಮೇಯದಂತೆ ಬೇಲಿ ಬೇಕು.