ಮೇಸ್ತ್ರಿಯ ದುಡಿಮೆಗೆ ಚೀಟಿ ಎಲ್ಲಿದೆ?

ರಸ್ತೆ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರು ಪರಿಹಾರದ ಕೇಸಿಗೆಂದು ನನ್ನ ಹತ್ತಿರ ಬಂದು ಮೊದಲು ಹೇಳುವುದು ಲಾರಿ ಯಾವ ಕಡೆಯಿಂದ ನುಗ್ಗಿತು ಎಂಬುದನ್ನು. ನಾನು ಕೇಳುವುದು ಬೇರೆ. ತಿಂಗಳಿಗೆ ಎಷ್ಟು ದುಡಿಯುತ್ತಿದ್ದರು? ಅದಕ್ಕೆ ಕಾಗದ ಏನಾದರೂ ಇದೆಯಾ? ಸಾವಿನ ಮನೆಯವರಿಗೆ ಇದು ಒರಟು ಪ್ರಶ್ನೆ. ಇಷ್ಟು ವರ್ಷವಾದರೂ ಕೇಳುವಾಗ ನನಗೆ ಮುಜುಗರವೇ.

ತಪ್ಪು ಯಾರದು ಎಂಬುದು ಮುಖ್ಯ ಹೌದು. ಅದಕ್ಕೆ ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್ ಇರುತ್ತವೆ. ಪರಿಹಾರದ ಲೆಕ್ಕ ನಿಲ್ಲುವುದು ದುಡಿಮೆಯ ಮೇಲೆ, ಅದಕ್ಕೆ ಮಾತ್ರ ಏನೂ ಇರುವುದಿಲ್ಲ.

34 ವರ್ಷದ ಗಾರೆ ಮೇಸ್ತ್ರಿ, ತಿಂಗಳ ದುಡಿಮೆ 24,000 ರೂಪಾಯಿ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅಂದುಕೊಳ್ಳಿ. ಬದುಕಿದ್ದರೆ ಕೂಲಿ ಏರುತ್ತಿತ್ತು ಅಲ್ವಾ? ಅದಕ್ಕಾಗಿ ಶೇ. 40 ಸೇರಿಸುತ್ತಾರೆ: 33,600. ಸ್ವಂತ ದುಡಿಮೆಯವರಿಗೂ ಹೀಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಪ್ರಣಯ್ ಸೇಥಿ ಪ್ರಕರಣದಲ್ಲಿ ಹೇಳಿತು. ಅವಲಂಬಿತರು ನಾಲ್ವರಾದ್ದರಿಂದ ಮೇಸ್ತ್ರಿಯ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 25,200. ವರ್ಷಕ್ಕೆ 3,02,400. ಆ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, 16. ಅಲ್ಲಿಗೆ 48,38,400. ಅಂತ್ಯಕ್ರಿಯೆಯ ಖರ್ಚು, ಹೆಂಡತಿ ಮಕ್ಕಳು ತಾಯಿಯ ಒಡನಾಟದ ನಷ್ಟ ಇದರ ಮೇಲೆ.

ಕಾಗದ ಇಲ್ಲದಿದ್ದರೆ? ಕರ್ನಾಟಕದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಚಾರ್ಟ್ ನೋಡಿ ಅಂದಾಜು ಆದಾಯ ಹಿಡಿಯುವುದು ರೂಢಿ. ಅದು 16,000 ಅಂತ ಬಂದರೆ, ಇದೇ ಲೆಕ್ಕದಲ್ಲಿ ಕೈಗೆ ಸಿಗುವುದು 32,25,600. ಹದಿನಾರು ಲಕ್ಷ ಹೋಯಿತು.

ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಆಧಾರ್ ಎಲ್ಲ ತಂದಿದ್ದರು. ಅಡಿಯಲ್ಲಿ ತೀರಿಹೋದವರ ಒಂದು ಸಣ್ಣ ನೋಟ್‌ಬುಕ್. "ಇದು ಸುಮ್ನೆ ಅವರ ಲೆಕ್ಕ ಸಾರ್" ಅಂದರು. ಯಾವ ಸೈಟು, ಎಷ್ಟು ದಿನ, ಎಷ್ಟು ಬಾಕಿ, ಎಲ್ಲ ಬರೆದಿತ್ತು. ಬರೀ ನೋಟ್‌ಬುಕ್ಕನ್ನು ವಿಮಾ ಕಂಪನಿಯ ವಕೀಲರು ಎರಡು ನಿಮಿಷದಲ್ಲಿ ಹರಿದು ಹಾಕುತ್ತಿದ್ದರು. ಮನೆ ಕಟ್ಟಿಸಿದ ಮಾಲೀಕರೊಬ್ಬರು ಬಂದು, "ಹೌದು, ನಾನೇ ಕೊಟ್ಟಿದ್ದು" ಎಂದು ಸಾಕ್ಷಿ ಹೇಳಿದರು. ಕೋರ್ಟು ಪೂರ್ತಿ ಒಪ್ಪಲಿಲ್ಲ. ಆದರೆ ಚಾರ್ಟಿಗಿಂತ ಜಾಸ್ತಿ ಹಿಡಿಯಿತು.

ಮನೆಯಲ್ಲೇ ಇದ್ದ ಗೃಹಿಣಿ ಸತ್ತರೆ ಪರಿಹಾರ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಗೆಲಸಕ್ಕೂ ಕೋರ್ಟು ಬೆಲೆ ಕಟ್ಟುತ್ತದೆ.

ಎಂವಿಸಿ ಕೇಸು, ಅಂದರೆ ಅಪಘಾತ ಪರಿಹಾರದ ಕೇಸು, ಹಾಕಲು ಅಪಘಾತ ನಡೆದ ಊರಿಗೇ ಹೋಗಬೇಕಿಲ್ಲ, ನೀವು ವಾಸವಿರುವ ಕಡೆಯೂ ಆಗುತ್ತದೆ. 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿ ಆರು ತಿಂಗಳ ಗಡುವಿದೆ. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ, ಹಾಗಾಗಿ ತಡವಾದವರೂ ವಕೀಲರನ್ನು ಒಮ್ಮೆ ಕೇಳಿ. ತಡವಾಗದವರು ಕಾಯಬೇಡಿ.

ಇನ್ನೊಂದು. ಹೋದವರ ಫೋನನ್ನು ತಿಥಿ ಮುಗಿದ ಮೇಲೆ ಫಾರ್ಮ್ಯಾಟ್ ಮಾಡಿ ಮಗನಿಗೆ ಕೊಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ಕೂಲಿ ಬಂದ ಮೆಸೇಜು, "ನಾಳೆ ಬನ್ನಿ ಮೇಸ್ತ್ರಿ" ಎಂಬ ವಾಯ್ಸ್ ನೋಟು, ಎಲ್ಲ ಅದರಲ್ಲೇ ಇರುತ್ತದೆ.