ಮೀನು ಸಾಯುತ್ತಿಲ್ಲ, ಬೆಳೆಯುತ್ತಲೂ ಇಲ್ಲ: ರಕ್ತದಲ್ಲಿ ಏನಾಗಿದೆ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟದ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಎಷ್ಟು ಮೇವು ಹಾಕಿದರೂ ಮೈತುಂಬುತ್ತಿಲ್ಲ, ಕಿವಿರು ಬಿಳಚಿಕೊಂಡಿದೆ. ರಕ್ತದಲ್ಲಿ ಪರಾವಲಂಬಿ ಇರಬಹುದು ಅಂದರು. ಔಷಧಿ ಯಾವುದು? ಇಂಥ ಮೀನು ತಿನ್ನಬಹುದೇ?

ಉತ್ತರ: ತಿನ್ನುವ ಚಿಂತೆ ಬೇಡ. ಮೀನಿನ ರಕ್ತದ ಈ ಜೀವಿಗಳು ಮೀನಿನಲ್ಲಿ ಮತ್ತು ಅವನ್ನು ಹರಡುವ ಜಿಗಣೆ, ಬಸವನಹುಳುಗಳಲ್ಲಿ ಬದುಕುವಂಥವು. ಚೆನ್ನಾಗಿ ಬೇಯಿಸಿ ತಿನ್ನಿ. ಸತ್ತು ತೇಲಿದ ಮೀನನ್ನು ಮಾತ್ರ ಅಡುಗೆಮನೆಗೆ ತರಬೇಡಿ.

ಔಷಧಿಯ ಮಾತಿಗೆ ಮುಂಚೆ ರೋಗ ಹೇಗೆ ಬರುತ್ತದೆ ಅಂತ ನೋಡೋಣ. ಮುಖ್ಯವಾಗಿ ಎರಡು ಬಗೆ. ಟ್ರಿಪನೊಸೋಮಾ ಎಂಬ ಏಕಕೋಶ ಜೀವಿ ಕೆಂಪು ರಕ್ತಕಣಗಳ ನಡುವೆ ಈಜಾಡುತ್ತಿರುತ್ತದೆ. ಅದನ್ನು ಮೀನಿನಿಂದ ಮೀನಿಗೆ ದಾಟಿಸುವುದು ಜಿಗಣೆ. ಮಳೆಗಾಲದಲ್ಲಿ ನಮ್ಮ ಕಾಲಿಗೆ ಹತ್ತುವ ಉಂಬಳವಲ್ಲ, ನೀರಿನಲ್ಲೇ ಇದ್ದು ಮೀನಿಗೆ ಅಂಟುವ ಜಿಗಣೆ. ಸೋಂಕು ಹೆಚ್ಚಾದರೆ ರಕ್ತಹೀನತೆ ಬರುತ್ತದೆ, ಕಿವಿರು ಬಿಳಚುತ್ತದೆ, ಮೀನು ಮೇವು ಬಿಡುತ್ತದೆ.

ಇನ್ನೊಂದು, ಗೆಂಡೆ ಜಾತಿಯ ಮೀನುಗಳನ್ನು ಕಾಡುವ ಸಾಂಗ್ವಿನಿಕೋಲಾ ಎಂಬ ಚಪ್ಪಟೆ ಹುಳು. ಇದು ಹೃದಯ ಮತ್ತು ರಕ್ತನಾಳಗಳಲ್ಲೇ ನೆಲೆಸಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ರಕ್ತದ ಜೊತೆ ಹರಿದು ಕಿವಿರಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ. ಮರಿಹುಳು ಕಿವಿರನ್ನು ಸೀಳಿಕೊಂಡೇ ಹೊರಬರುತ್ತದೆ. ಆಮೇಲೆ ಬಸವನಹುಳುವಿನೊಳಗೆ ಹೊಕ್ಕು, ಹಲವಾಗಿ ಹೊರಬಂದು, ನೇರವಾಗಿ ಮೀನಿನ ಚರ್ಮ ಕೊರೆದು ಒಳಹೋಗುತ್ತದೆ. ಎಳೆ ಮೀನುಮರಿಗಳಿಗೆ ಇದೇ ಹೆಚ್ಚು ಅಪಾಯ.

ಸೋಂಕು ಹಗುರಾಗಿದ್ದರೆ ಮೀನು ಸಾಯುವುದಿಲ್ಲ. ಅದಕ್ಕೇ ರೈತರು ಮೋಸ ಹೋಗುತ್ತಾರೆ. ರಕ್ತ ಕಡಿಮೆಯಾದ ಮೀನಿಗೆ ಆಮ್ಲಜನಕ ಸಾಗಿಸುವ ಶಕ್ತಿಯೂ ಕಡಿಮೆ. ನಸುಕಿನಲ್ಲಿ ಹೊಂಡದ ಆಮ್ಲಜನಕ ಇಳಿದಾಗ ಗಟ್ಟಿ ಮೀನು ತಡೆದುಕೊಳ್ಳುತ್ತದೆ, ಇದು ಮೇಲೆ ಬಂದು ಬಾಯಿ ಬಿಡುತ್ತದೆ. ಜಿಗಣೆ ಕಚ್ಚಿದ ಗಾಯದಿಂದ ಬ್ಯಾಕ್ಟೀರಿಯಾ ಹೊಕ್ಕರೆ ಆಗ ಸಾವು ಶುರು.

ಕಾರವಾರದ ಕಡೆ ಪಂಜರದಲ್ಲಿ ಸೀಬಾಸ್ ಸಾಕುವವರೂ ಜಿಗಣೆಯ ಮೇಲೆ ಕಣ್ಣಿಡಬೇಕು. ಕಡಲ ಜಿಗಣೆ ತನ್ನ ಮೊಟ್ಟೆಕೋಶಗಳನ್ನು ಬಲೆಗೆ, ಚಿಪ್ಪಿಗೆ ಅಂಟಿಸುತ್ತದೆ. ಬಲೆ ಬದಲಿಸಿ, ಉಜ್ಜಿ ತೊಳೆದು ಬಿಸಿಲಿಗೆ ಹಾಕುವುದೇ ಅಲ್ಲಿ ದೊಡ್ಡ ಕೆಲಸ.

ಈಗ ಔಷಧಿ. ಟ್ರಿಪನೊಸೋಮಾವನ್ನು ಕೊಲ್ಲಲು ಹೊಂಡಕ್ಕೆ ಸುರಿಯುವಂಥ ಭರವಸೆಯ ಮದ್ದಿಲ್ಲ. ಅಂಗಡಿಯವರು ಕೊಡುವ ಆಂಟಿಬಯಾಟಿಕ್ ಇದಕ್ಕೆ ತಾಗುವುದೇ ಇಲ್ಲ, ದುಡ್ಡು ದಂಡ. ಜಿಗಣೆ, ಬಸವನಹುಳುಗಳ ನೆಲೆಯನ್ನೇ ಕೀಳಬೇಕು. ಅಂಚಿನ ಜೊಂಡು, ಪಾಚಿ ತೆಗೆಯಿರಿ. ಮೀನು ಹಿಡಿದ ಮೇಲೆ, ಮಳೆಗೆ ಮುಂಚೆ ಹೊಂಡ ಬತ್ತಿಸಿ, ಕೆಸರು ಬಿರುಕು ಬಿಡುವ ತನಕ ಒಣಗಿಸಿ ಸುಣ್ಣ ಹಾಕಿ. ಹಳ್ಳದ ನೀರು ತರುವುದಾದರೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿ. ಹೊಸ ಮರಿ ಬಿಡುವ ಮುಂಚೆ ಬೇರೆ ತೊಟ್ಟಿಯಲ್ಲಿಟ್ಟು ನೋಡಿ.

ಆದರೆ ಬಿಳಿ ಕಿವಿರು ಕಂಡ ಮಾತ್ರಕ್ಕೆ ರಕ್ತದ ಪರಾವಲಂಬಿ ಅನ್ನಬೇಡಿ. ಮೀನಿನ ಹೇನೂ ರಕ್ತ ಹೀರುತ್ತದೆ, ಅದು ಮೈಮೇಲೆ ಕಣ್ಣಿಗೇ ಕಾಣುತ್ತದೆ. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೀರಿನ ನೈಟ್ರೈಟ್ (ಹಿಕ್ಕೆ, ಉಳಿದ ಮೇವು ಕೊಳೆತಾಗ ಆಗುವ ವಿಷ) ಪರೀಕ್ಷಿಸಿ. ಖಾತ್ರಿಯಾಗುವುದು ರಕ್ತದ ಹನಿಯನ್ನು, ಚಪ್ಪಟೆ ಹುಳುವಾದರೆ ಕಿವಿರಿನ ಚೂರನ್ನೂ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಿ, ಸೊರಗಿದ ಮೂರ್ನಾಲ್ಕು ಮೀನುಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಜೀವಂತವಾಗಿ ಒಯ್ಯಿರಿ. ಐಸ್‌ನಲ್ಲಿಟ್ಟ ಸತ್ತ ಮೀನಿನಲ್ಲಿ ಈಜಾಡುವ ಟ್ರಿಪನೊಸೋಮಾ ಸಿಗುವುದು ಕಷ್ಟ.