ಲ್ಯಾಪ್‌ಟಾಪ್ ಕಾಲದಲ್ಲೂ ಡೆಸ್ಕ್‌ಟಾಪ್ ಯಾಕೆ ಉಳಿದಿದೆ?

ಪ್ರಶ್ನೆ: ಈಗ ಎಲ್ಲರ ಹತ್ತಿರವೂ ಲ್ಯಾಪ್‌ಟಾಪ್ ಇದೆ. ಆದರೂ ಸ್ಟುಡಿಯೋ, ಡಿಟಿಪಿ ಸೆಂಟರ್, ಬ್ಯಾಂಕ್ ಎಲ್ಲಿ ಹೋದರೂ ಮೇಜಿನ ಮೇಲೆ ಡೆಸ್ಕ್‌ಟಾಪ್ ಇರುತ್ತದೆ. ಹೊಸದಾಗಿ ಕೊಳ್ಳುವವರೂ ಇದ್ದಾರೆ. ಯಾಕೆ ಹೀಗೆ?

ಉತ್ತರ: ನಾವೆಲ್ಲ ಸಿಪಿಯು ಅಂತ ಕರೆಯುವ ಆ ದೊಡ್ಡ ಡಬ್ಬವನ್ನು ಒಮ್ಮೆ ಬಿಚ್ಚಿ ನೋಡಿ. ಒಳಗೆ ಬಹುಪಾಲು ಖಾಲಿ ಜಾಗ. ಎಲ್ಲ ಭಾಗಗಳನ್ನೂ ಜೋಡಿಸುವ ಒಂದು ಬೋರ್ಡು, ಒಂದೆರಡು ಫ್ಯಾನು, ಮೂಲೆಯಲ್ಲಿ ಇವಕ್ಕೆಲ್ಲ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಉಳಿದದ್ದು ಗಾಳಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಖಾಲಿ ಜಾಗದಲ್ಲೇ.

ಬೋರ್ಡಿನ ಮೇಲೆ ಕೂತು ಲೆಕ್ಕಾಚಾರವನ್ನೆಲ್ಲ ಮಾಡುವ ಮುಖ್ಯ ಚಿಪ್, ಅಂದರೆ ಪ್ರೊಸೆಸರ್, ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗದಿದ್ದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎರಡು ಬೆರಳು ದಪ್ಪವೂ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಫ್ಯಾನ್ ಎಲ್ಲಿ ಕೂರಿಸುತ್ತೀರಿ? ಹಾಗಾಗಿ ಕಂಪನಿಗಳು ಲ್ಯಾಪ್‌ಟಾಪ್‌ಗೆ ಮೊದಲೇ ಕಡಿಮೆ ಕರೆಂಟ್ ತಿನ್ನುವ ಚಿಪ್ ಹಾಕುತ್ತವೆ. ಇಂಟೆಲ್‌ನ 13ನೇ ತಲೆಮಾರಿನ ಐ7 ತೆಗೆದುಕೊಳ್ಳಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬರುವ ಐ7-1355ಯು ಚಿಪ್‌ಗೆ 10 ಕೋರ್ (ಒಟ್ಟಿಗೆ ಕೆಲಸ ಮಾಡುವ ಘಟಕಗಳು), ಮೂಲ ಪವರ್ 15 ವ್ಯಾಟ್. ಡೆಸ್ಕ್‌ಟಾಪ್‌ನ ಐ7-13700ಕ್ಕೆ 16 ಕೋರ್, 65 ವ್ಯಾಟ್. ಡಬ್ಬದ ಮೇಲಿನ ಸ್ಟಿಕ್ಕರ್ ಮಾತ್ರ ಎರಡಕ್ಕೂ ಐ7! ಚಿತ್ರ, ವಿಡಿಯೋ ಕೆಲಸ ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಇದು ಇನ್ನೂ ಜೋರು. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡ್ ಡೆಸ್ಕ್‌ಟಾಪ್‌ನಲ್ಲಿ 450 ವ್ಯಾಟ್ ಬಳಸುತ್ತದೆ, ಮೆಮೊರಿ 24 ಜಿಬಿ. ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡ್‌ಗೆ 16 ಜಿಬಿ, ಪವರ್ ಹೆಚ್ಚೆಂದರೆ 175 ವ್ಯಾಟ್. ಒಳಗಿನ ಚಿಪ್ಪೇ ಬೇರೆ. ಹೆಸರು ಒಂದೇ ಇಟ್ಟು ಮಾರುವುದು ನನ್ನ ಪ್ರಕಾರ ಗ್ರಾಹಕರಿಗೆ ಮಾಡುವ ಸಣ್ಣ ಮೋಸವೇ.

ಟೈಪಿಂಗ್, ಬ್ರೌಸಿಂಗ್, ಟ್ಯಾಲಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಮದುವೆ ಸೀಸನ್ನಿನಲ್ಲಿ ರಾತ್ರಿಯಿಡೀ ವಿಡಿಯೋ ರೆಂಡರ್‌ಗೆ (ಎಡಿಟ್ ಮಾಡಿದ್ದು ಕೊನೆಯ ಫೈಲ್ ಆಗಲು) ಹಾಕಿ ಮಲಗುವ ಸ್ಟುಡಿಯೋದವರನ್ನು ಕೇಳಿ. ಅವರಿಗೆ ಬೇಕಾದ್ದು ಗಂಟೆಗಟ್ಟಲೆ ಒಂದೇ ವೇಗ.

ಖಾಲಿ ಜಾಗದ ಇನ್ನೊಂದು ಲಾಭ ರಿಪೇರಿ. ಡೆಸ್ಕ್‌ಟಾಪ್ ಬೋರ್ಡಿನ ಅಳತೆ, ಸ್ಕ್ರೂ ತೂತು, ಎಸ್‌ಎಂಪಿಎಸ್ ಆಕಾರ ಇವಕ್ಕೆಲ್ಲ ಎಟಿಎಕ್ಸ್ ಅನ್ನುವ ಒಂದು ನಿಯಮವಿದೆ. 1995ರಲ್ಲಿ ಇಂಟೆಲ್ ತಂದದ್ದು, ಇವತ್ತಿಗೂ ನಡೆಯುತ್ತಿದೆ. ಹಾಗಾಗಿಯೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ (ಹೊರಗಿನ ಡಬ್ಬ), ಇನ್ನೊಂದರಲ್ಲಿ ಬೋರ್ಡ್ ಕೊಂಡರೂ ಎರಡೂ ಸರಿಯಾಗಿ ಕೂರುತ್ತವೆ. ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಲೂ ಎಷ್ಟೋ ಸಲ ಆಗುತ್ತದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯವರ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಜೊತೆ ಬಂದ ಎಷ್ಟೋ ಬೋರ್ಡ್‌ಗಳಿಗೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಹಾಕಬಹುದು. ಲ್ಯಾಪ್‌ಟಾಪ್‌ನಲ್ಲಿ ಈಗ ಪ್ರೊಸೆಸರ್ ಬೋರ್ಡಿಗೇ ಬೆಸೆದಿರುತ್ತದೆ. ತೆಳು ಮಾಡೆಲ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಕೂಡ. 8 ಜಿಬಿ ಸಾಲದು ಅಂತ ಎರಡು ವರ್ಷದ ಮೇಲೆ ಅನಿಸಿದರೆ ಹೊಸ ಲ್ಯಾಪ್‌ಟಾಪೇ ಗತಿ.

ಟೀ ಚೆಲ್ಲಿದರೂ ಅಷ್ಟೇ. ಡೆಸ್ಕ್‌ಟಾಪ್ ಆದರೆ ಹೊಸ ಕೀಬೋರ್ಡ್, ಸಾಧಾರಣದ್ದು 500 ರೂಪಾಯಿಗೆ ಸಿಗುತ್ತದೆ. ಲ್ಯಾಪ್‌ಟಾಪ್ ಆದರೆ ಕೀಬೋರ್ಡಿನ ಕೆಳಗೇ ಬೋರ್ಡು.

ಸ್ಕ್ರೀನ್ ವಿಚಾರ ಜಾಸ್ತಿ ಹೇಳಬೇಕಿಲ್ಲ. 24 ಇಂಚಿನ ಮಾನಿಟರ್‌ನ ವಿಸ್ತೀರ್ಣ 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎರಡು ಪಟ್ಟಿಗಿಂತ ಜಾಸ್ತಿ. ಮೇಲಾಗಿ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಇಡಬಹುದು, ದಿನವಿಡೀ ಕತ್ತು ಬಗ್ಗಿಸುವುದು ತಪ್ಪುತ್ತದೆ. ಲ್ಯಾಪ್‌ಟಾಪ್‌ಗೂ ಮಾನಿಟರ್, ಕೀಬೋರ್ಡ್ ಜೋಡಿಸಬಹುದು ಅನ್ನುವಿರಾ? ಖಂಡಿತ ಜೋಡಿಸಬಹುದು. ದಿನಾ ಹೊತ್ತು ಓಡಾಡುವವರಿಗೆ ಅದೇ ಸರಿ. ಆದರೆ ಆ ಲ್ಯಾಪ್‌ಟಾಪ್ ಮೇಜು ಬಿಟ್ಟು ಏಳುವುದೇ ಇಲ್ಲ ಅಂದಮೇಲೆ, ಬ್ಯಾಟರಿಗೂ ತೆಳು ಮೈಗೂ ಸುಮ್ನೆ ದುಡ್ಡು ಕೊಟ್ಟ ಹಾಗಾಯಿತು, ಅಲ್ವಾ?

ಕರೆಂಟ್ ವಿಷಯಕ್ಕೆ ಬಂದರೆ ಡೆಸ್ಕ್‌ಟಾಪ್ ಸೋಲುತ್ತದೆ. ಹಳ್ಳಿ ಕಡೆ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋದರೆ ಸಣ್ಣ ಯುಪಿಎಸ್ ಕುಯ್ಯೋ ಅಂತ ಕೂಗುತ್ತಾ ಕೆಲವು ನಿಮಿಷ ತಡೆಯುತ್ತದೆ, ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಮಾತ್ರ. ಪಿಜಿಯಲ್ಲಿ ಇರುವ, ಕ್ಲಾಸಿಗೆ ಕಂಪ್ಯೂಟರ್ ಒಯ್ಯಬೇಕಾದ ವಿದ್ಯಾರ್ಥಿಗೆ ಡೆಸ್ಕ್‌ಟಾಪ್ ಕೊಡಿಸುವುದು ಬೇಡವೇ ಬೇಡ. ಜಗತ್ತಿನಲ್ಲಿ 2008ರ ಹೊತ್ತಿಗೇ ಲ್ಯಾಪ್‌ಟಾಪ್ ಮಾರಾಟ ಡೆಸ್ಕ್‌ಟಾಪನ್ನು ದಾಟಿದ್ದು ಸುಮ್ಮನೆ ಅಲ್ಲ.

ಕೊಳ್ಳುವ ಯೋಚನೆ ಇದ್ದರೆ ಎರಡು ಎಚ್ಚರಿಕೆ. ಮಾನಿಟರ್ ಹಿಂದೆಯೇ ಎಲ್ಲ ತುಂಬಿದ ಆಲ್-ಇನ್-ಒನ್ ನೋಡಲು ಚೆನ್ನ, ಆದರೆ ಒಳಗೆ ಹೆಚ್ಚಾಗಿ ಲ್ಯಾಪ್‌ಟಾಪ್‌ನ ಚಿಪ್ಪೇ ಇರುತ್ತದೆ. ಮೇಲೆ ಹೇಳಿದ ಲಾಭ ಯಾವುದೂ ಪೂರ್ತಿ ಸಿಗುವುದಿಲ್ಲ. ಇನ್ನು, ಆಫೀಸುಗಳು ಬಿಟ್ಟ ಹಳೇ ಬ್ರಾಂಡೆಡ್ ಡೆಸ್ಕ್‌ಟಾಪ್ ಅಗ್ಗಕ್ಕೆ ಸಿಗುತ್ತದೆ, ಮನೆಗೆ ಸಾಕು. ಕೊಳ್ಳುವ ಮೊದಲು ಪ್ರೊಸೆಸರ್ ಯಾವ ತಲೆಮಾರಿನದ್ದು ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಚಿಪ್‌ಗಳಲ್ಲಿ ಬಹುತೇಕ ಯಾವುದೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಜೊತೆಗೆ ಎಸ್‌ಎಂಪಿಎಸ್ ಮಾಮೂಲಿ ಆಕಾರದ್ದೇ ಅಂತಲೂ ನೋಡಿಕೊಳ್ಳಿ. ಕೆಲವು ಸಣ್ಣ ಮಾಡೆಲ್‌ಗಳಲ್ಲಿ ಕಂಪನಿಯದ್ದೇ ಬೇರೆ ಆಕಾರ ಇರುತ್ತದೆ, ಕೆಟ್ಟರೆ ಅದನ್ನೇ ಹುಡುಕಿಕೊಂಡು ಅಲೆಯಬೇಕು.